ಪೆನ್ಷನ್ ಹೊಲಿಗೆ

ಚಿಂತಾಮಣಿಯಲ್ಲಿ ಮೂವತ್ತೊಂದು ವರ್ಷ ಹೆಂಗಸರ ರವಿಕೆ ಹೊಲಿದು ಹೋದ ವರ್ಷ ಅಂಗಡಿ ಮುಚ್ಚಿದೆ. ಕತ್ತು, ಕಣ್ಣು ಎರಡೂ ಮಾತಾಡಿಕೊಂಡ ಹಾಗೆ ಒಂದೇ ವಾರದಲ್ಲಿ ಕೈಕೊಟ್ಟವು. ಸೂಜಿಗೆ ದಾರ ಪೋಣಿಸಲು ಹೋಗಿ ಹೆಬ್ಬೆರಳಿಗೆ ಪೋಣಿಸಿಕೊಂಡ ದಿನ, ಸಾಕು ಅನ್ನಿಸಿತು.

ಈಗ ಹೊಲಿಗೆ ಕಲಿತು ಅಂಗಡಿ ಇಡುವ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಆ ಕಟಿಂಗ್ ಹೇಗೆ, ಈ ಕತ್ತಿನ ಡಿಸೈನ್ ಹೇಗೆ ಎಂದು ಕೇಳುತ್ತಾರೆ. ಅದನ್ನೆಲ್ಲ ಮೊಬೈಲಿನಲ್ಲಿ ನನಗಿಂತ ಚೆನ್ನಾಗಿ ತೋರಿಸುತ್ತಾರೆ, ಹೋಗಿ ನೋಡಿಕೊಳ್ಳಿ ಎನ್ನುತ್ತೇನೆ. ಮೊಬೈಲಿನಲ್ಲಿ ಯಾರೂ ಹೇಳಿಕೊಡದ ಪಾಠ ಒಂದಿದೆ. ಅದು ಐವತ್ತು ದಾಟಿದ ಹೆಂಗಸರ ಸುತ್ತಳತೆ. ಬಟ್ಟೆ ಹೇಳಿದ ಮಾತು ಕೇಳುತ್ತದೆ. ಮೈ ಕೇಳುವುದಿಲ್ಲ. ಮೈಯ ಯಜಮಾನಿಯಂತೂ ಟೇಪು ಕಂಡರೆ ಸಾಕು, ಉಸಿರು ಎಳೆದುಕೊಂಡು ಕಂಬದ ಹಾಗೆ ನಿಂತುಬಿಡುತ್ತಾಳೆ.

ನಾನು ಕೆಲಸ ಕಲಿತದ್ದು ತವರೂರು ಗೌರಿಬಿದನೂರಿನಲ್ಲಿ, ಬಾಷಾ ಮಾಸ್ಟರ್ ಹತ್ತಿರ. ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ಚೂರು. ಸೇರಿದ ಮೊದಲ ವಾರವೇ ಒಂದು ಅನಾಹುತ ಮಾಡಿದೆ. ಅಂಗಡಿ ತುಂಬ ಜನ. ಒಬ್ಬ ಯಜಮಾನಿತಿಯ ಅಳತೆ ತೆಗೆದು, ಮಾಸ್ಟರ್ ಬರೆದುಕೊಳ್ಳಲಿ ಎಂದು ಗಟ್ಟಿಯಾಗಿ, "ಎದೆ ನಲವತ್ತಾರೂವರೆ!" ಎಂದು ಕೂಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಊರಿನ ಹೆಸರು ಕೂಗುವ ಹಾಗೆ ಕೂಗಿದ್ದೆ. ಆಕೆ ಬಟ್ಟೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದು ಹೋದವರು ಮತ್ತೆ ಆ ಬೀದಿಯಲ್ಲೇ ಕಾಣಲಿಲ್ಲ.

ಮಾಸ್ಟರ್ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಅಮ್ಮಾ ಸುನಂದಾ, ಅಳತೆ ಬರೀಬೇಕು. ಓದಬಾರ್ದು" ಎಂದರು, ಅಷ್ಟೆ.

ಮೂರು ಹೊಲಿಗೆಯ ಲೆಕ್ಕ ಹೇಳಿಕೊಟ್ಟವರೂ ಅವರೇ. ರವಿಕೆಯ ಎರಡು ಪಕ್ಕದಲ್ಲೂ ಒಳಗಡೆ ಒಂದಷ್ಟು ಬಟ್ಟೆ ಮಿಕ್ಕಿಸಿ, ಅರ್ಧರ್ಧ ಇಂಚು ಬಿಟ್ಟು ಮೂರು ಸಾಲು ಹೊಲಿಗೆ ಹಾಕುತ್ತೇವೆ. ಮೈ ತುಂಬಿಕೊಂಡಾಗ ಮೊದಲನೇ ಸಾಲು ಬಿಚ್ಚಿದರೆ ಎರಡನೆಯದು ಹಿಡಿಯುತ್ತದೆ. ಅದನ್ನೂ ಬಿಚ್ಚಿದರೆ ಮೂರನೆಯದು. ಮಾಸ್ಟರ್ ಅವಕ್ಕೆ ಹೆಸರಿಟ್ಟಿದ್ದರು. ಮೊದಲನೆಯದು ಮದುವೆ ಹೊಲಿಗೆ, ಎರಡನೆಯದು ಬಾಣಂತಿ ಹೊಲಿಗೆ, ಮೂರನೆಯದು ಪೆನ್ಷನ್ ಹೊಲಿಗೆ.

"ಅದ್ರಾಚೆಗೆ ಮಾಸ್ಟರ್?" ಎಂದು ಕೇಳಿದ್ದೆ.

"ಅದ್ರಾಚೆಗೆ ದೇವ್ರು. ಆದ್ರೆ ಒಳಗೆ ಬಿಟ್ಟಿರೋ ಬಟ್ಟೆ ಮಾತ್ರ ಯಾವತ್ತೂ ಕತ್ತರಿಸ್ಬೇಡ ಅಮ್ಮಾ. ಮನುಷ್ಯರ ಮೇಲೆ ನಂಬಿಕೆ ಇರಬೇಕು, ದಪ್ಪ ಆಗೇ ಆಗ್ತಾರೆ."

ಮದುವೆಯಾಗಿ ಚಿಂತಾಮಣಿಗೆ ಬಂದು ನನ್ನದೇ ಮಿಷನ್ ಹಾಕಿಕೊಂಡ ಮೇಲೆ ಈ ಕಸುಬಿನ ದೊಡ್ಡ ಶತ್ರುವಿನ ಪರಿಚಯವಾಯಿತು. ಅದರ ಹೆಸರು ಅಳತೆ ರವಿಕೆ. ನಮ್ಮ ಕಡೆ ಟೇಪಿಗೆ ಮೈಕೊಡುವವರು ಕಡಿಮೆ. ಬೀರುವಿನಿಂದ ಒಂದು ಹಳೆಯ ರವಿಕೆ ತಂದು ಮೇಜಿನ ಮೇಲೆ ಹಾಕಿ, "ಇದೇ ಅಳತೆಗೆ ಹೊಲೀಮ್ಮಾ" ಎಂದು ಹೊರಟುಬಿಡುತ್ತಾರೆ. ಆ ರವಿಕೆಯನ್ನು ಅವರು ಕೊನೆಯ ಸಲ ಹಾಕಿಕೊಂಡದ್ದು ದೊಡ್ಡ ಮಗನ ನಾಮಕರಣಕ್ಕೆ. ಈಗ ಆ ದೊಡ್ಡ ಮಗನಿಗೇ ತಲೆಗೂದಲು ಉದುರುತ್ತಿರುತ್ತದೆ. ಮುರುಗಮಲ್ಲದ ಶಬೀನಾ ಆಪಾ ಒಮ್ಮೆ ತಂದುಕೊಟ್ಟ ಅಳತೆ ರವಿಕೆಯನ್ನು ಮಗ್ಗುಲು ಬದಲಿಸಿ ಬದಲಿಸಿ ನೋಡಿ, "ಆಪಾ, ಇದು ನಿಮ್ಮದಾ?" ಎಂದೆ. "ನಂದೇ. ಆದ್ರೆ ಈಗ ನನ್ ಮಗಳು ಹಾಕ್ಕೊಳ್ತಾಳೆ" ಎಂದರು, ಸ್ವಲ್ಪವೂ ಹಿಂಜರಿಯದೆ.

ಹಾಗೇ ಹೊಲಿದರೆ ಹಿಡಿಯುವುದಿಲ್ಲ. ದೊಡ್ಡದಾಗಿ ಹೊಲಿದರೆ ಜಗಳ. ಅದಕ್ಕೆ ನಾವು ದರ್ಜಿಗಳು ಏನೂ ಹೇಳದೆ ಅರ್ಧ ಇಂಚು, ಮುಕ್ಕಾಲು ಇಂಚು ಸೇರಿಸಿಬಿಡುತ್ತೇವೆ. ಅವರು ಹಾಕಿಕೊಂಡು, "ನೋಡು, ಇಪ್ಪತ್ತು ವರ್ಷದಿಂದ ಒಂದೇ ಅಳತೆ" ಎಂದು ಹೆಮ್ಮೆಪಡುತ್ತಾರೆ. ನಾವು ಹೂಂ ಎನ್ನುತ್ತೇವೆ. ಊರಿನ ನೆಮ್ಮದಿ ಇಂಥ ಅರ್ಧರ್ಧ ಇಂಚುಗಳ ಮೇಲೆ ನಿಂತಿದೆ ಎಂದು ನಾನು ತುಂಬ ವರ್ಷ ನಂಬಿದ್ದೆ.

ನಿಜವಾಗಿಯೂ ಅಳತೆ ಬದಲಾಗದ ಒಬ್ಬರಿದ್ದರು. ಕೆಂಚಾರ್ಲಹಳ್ಳಿಯ ಗೌರಮ್ಮ. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ನನ್ನ ಅಳತೆ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ವರ್ಷ ವರ್ಷವೂ 'ಮೇಲಿನಂತೆ' ಎಂದು ಬರೆದಿದೆ. ಎಪ್ಪತ್ತರ ಹತ್ತಿರ ಬಂದಾಗಲೂ ಮೇಲಿನಂತೆಯೇ. ಗುಟ್ಟೇನು ಎಂದು ಕೇಳಿದರೆ ನಕ್ಕರು. "ಏಮ್ ಗುಟ್ಟಮ್ಮಾ! ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು, ಕಸ ಎತ್ತಬೇಕು. ಹುಳ ಹಸ್ಕೊಂಡಿರೋವಾಗ ನಾನು ಕೂತ್ಕೊಂಡು ದಪ್ಪ ಆಗೋಕ್ಕೆ ಟೈಮ್ ಎಲ್ಲಿದೆ?"

ನನಗೆ ಟೈಮ್ ಇತ್ತು. ಮೊದಲು ನನ್ನದು ಕಾಲಲ್ಲಿ ತುಳಿಯುವ ಮಿಷನ್. ಬೆಳಗಿನಿಂದ ಸಂಜೆವರೆಗೆ ತುಳಿದದ್ದನ್ನು ನೇರವಾಗಿ ತುಳಿದಿದ್ದರೆ ದಿನಾ ಚಿಕ್ಕಬಳ್ಳಾಪುರ ಮುಟ್ಟಿ ಬರುತ್ತಿದ್ದೆನೇನೋ. ಆಮೇಲೆ ಎಲ್ಲರಂತೆ ನಾನೂ ಮೋಟಾರು ಹಾಕಿಸಿದೆ. ಬೆರಳಷ್ಟು ಒತ್ತಿದರೆ ಸಾಕು, ತೋಳು ಜೋಡಿಸಿ ಮುಗಿಯುತ್ತಿತ್ತು. ಕೆಲಸ ಎರಡರಷ್ಟಾಯಿತು. ನಾನೂ ಆ ಕಡೆಗೇ ಹೊರಟೆ. ಒಂದು ಸಂಜೆ ಬಾಗಿಲು ಹಾಕಿಕೊಂಡು ನನ್ನ ರವಿಕೆಯ ಮದುವೆ ಹೊಲಿಗೆ ಬಿಚ್ಚಿದೆ. ಮುಂದಿನ ವರಮಹಾಲಕ್ಷ್ಮಿಗೆ ಬಾಣಂತಿ ಹೊಲಿಗೆಯೂ ಹೋಯಿತು. ಯಾರಿಗೂ ಹೇಳಲಿಲ್ಲ. ಅಳತೆ ಓದಬಾರದು ಎಂದು ಮಾಸ್ಟರೇ ಹೇಳಿಕೊಟ್ಟಿದ್ದರಲ್ಲ!

ಇಷ್ಟೆಲ್ಲ ಪೀಠಿಕೆ ಹಾಕಿದ್ದು ವಿಶಾಲಾಕ್ಷಿ ಟೀಚರ್ ವಿಷಯ ಹೇಳಲಿಕ್ಕೆ.

ಟೀಚರ್ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು. ರಿಟೈರಾಗಿ ನಾಲ್ಕು ವರ್ಷವಾಗಿತ್ತು. ಊರಿನ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಯುಗಾದಿಯಾದ ಮೇಲೆ ಒಂದು ಸೋಮವಾರ ಕುಂಟುತ್ತಾ ಅಂಗಡಿಗೆ ಬಂದು, ಕುರ್ಚಿಗೆ ಧಪ್ಪೆಂದು ಕೂತು, ಚೀಲದಿಂದ ಒಂದು ಮರೂನ್ ರವಿಕೆ ತೆಗೆದರು. ಅವರ ಬೀಳ್ಕೊಡುಗೆ ಸಮಾರಂಭಕ್ಕೆ ನಾನೇ ಹೊಲಿದದ್ದು.

"ಸುನಂದಾ, ಡಾಕ್ಟ್ರು ಮಂಡಿ ಆಪರೇಷನ್ ಅಂತಿದಾರೆ ಕಣೇ. ಆರು ತಿಂಗಳು ಟೈಮ್ ಕೊಟ್ಟಿದಾರೆ. ತೂಕ ಇಳಿಸಿದ್ರೆ ಸದ್ಯಕ್ಕೆ ಬೇಡ, ಇಲ್ದಿದ್ರೆ ಡೇಟ್ ಕೊಡ್ತೀನಿ ಅಂದ್ರು."

"ಇಳಿಸ್ಬಿಡಿ ಟೀಚರ್."

"ಏನ್ ಸೀರೆ ಸೆರಗಾ ಇಳಿಸ್ಬಿಡೋಕೆ?" ಎಂದು ಗದರಿದರು. ಆಮೇಲೆ ದನಿ ತಗ್ಗಿಸಿ, "ಆಪರೇಷನ್ ಅಂದ್ರೆ ನಂಗೆ ಭಯ. ಇಂಜೆಕ್ಷನ್‌ಗೇ ಕಣ್ಮುಚ್ಕೊಳ್ತೀನಿ. ಯಾರಿಗೂ ಹೇಳ್ಬೇಡ, ನನ್ ಹಳೇ ಸ್ಟೂಡೆಂಟ್ಸ್ ಕೇಳಿದ್ರೆ ಹಬ್ಬ ಮಾಡ್ತಾರೆ" ಎಂದರು.

ತೂಕದ ಮಿಷನ್ನಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಮನೆಯಲ್ಲಿದ್ದದ್ದು ಹಾಲಿನಲ್ಲಿ ಇಟ್ಟರೆ ಒಂದು ತೂಕ, ಅಡುಗೆಮನೆಯಲ್ಲಿ ಇಟ್ಟರೆ ಇನ್ನೊಂದು ತೂಕ ತೋರಿಸುತ್ತಿತ್ತಂತೆ. "ಜಾಗ ಬದಲಾದ್ರೆ ಉತ್ತರ ಬದಲಾಗೋ ಲೆಕ್ಕ ಎಲ್ಲಾದ್ರೂ ಉಂಟೇನೇ? ನಂಗೆ ಈ ಬ್ಲೌಸೇ ತಕ್ಕಡಿ. ಮನೇಲಿಟ್ಕೊಂಡ್ರೆ ದಿನಾ ಹಾಕಿ ನೋಡಿ ಹರೀತೀನಿ. ನಿನ್ ಹತ್ರ ಇರ್ಲಿ. ಪ್ರತಿ ತಿಂಗಳು ಮೊದಲನೇ ಸೋಮವಾರ ಬಂದು ಹಾಕಿ ನೋಡ್ತೀನಿ. ಹುಕ್ಕು ಬಿದ್ದ ದಿನ ಆಪರೇಷನ್ ಕ್ಯಾನ್ಸಲ್."

ಆವತ್ತು ಪರದೆಯ ಹಿಂದೆ ಹಾಕಿ ನೋಡಿದರೆ ಹುಕ್ಕಿಗೂ ಕಾಜಾಕ್ಕೂ ನಡುವೆ ಮೂರು ಬೆರಳು ಅಂತರ. ಟೀಚರ್ ಮರುದಿನದಿಂದಲೇ ಬಿಳಿ ಬೂಟು ಹಾಕಿಕೊಂಡು ಕಾಲೇಜು ಮೈದಾನಕ್ಕೆ ಹೊರಟರು.

ಮೊದಲ ತಿಂಗಳು ಮುಗಿದಾಗ ಮೂರು ಬೆರಳು. ಎರಡನೇ ತಿಂಗಳಿಗೆ, ಧಾರಾಳವಾಗಿ ಹೇಳಿದರೆ, ಎರಡೂಮುಕ್ಕಾಲು. ಪರದೆಯ ಹಿಂದಿನಿಂದ ಮೂಗೊರೆಸುವ ಸದ್ದು ಬಂತು. ಇಡೀ ಹತ್ತನೇ ಕ್ಲಾಸನ್ನು ಒಂದು ನೋಟದಲ್ಲಿ ಕೂರಿಸುತ್ತಿದ್ದ ಹೆಂಗಸು ಅಂಚಿಗೆ ಪಿಕೋ ಹಾಕಲು ನನ್ನ ಹತ್ತಿರ ಬಂದಿದ್ದ ಸೀರೆಗಳ ನಡುವೆ ನಿಂತು ಅಳುತ್ತಿದ್ದರು. "ನನ್ ಕೈಲಾಗಲ್ಲ ಕಣೇ. ಬಿಟ್ಬಿಡ್ತೀನಿ. ಕುಯ್ಕೊಂಡ್ರೆ ಕುಯ್ಕೊಳ್ಳಿ" ಎಂದು ಹೊರಟುಹೋದರು.

ಅವರು ಇನ್ನೊಂದು ತಿಂಗಳು ನಡೆಯಲಿ, ಸ್ವಲ್ಪ ಹುರುಪು ಬರಲಿ ಎಂದುಕೊಂಡೆ. ಆ ಮರೂನ್ ರವಿಕೆಯನ್ನು ತಿರುವಿ ಹಾಕಿ, ಎರಡು ಪಕ್ಕದ ಮದುವೆ ಹೊಲಿಗೆಯನ್ನು ಬಿಚ್ಚಿಬಿಟ್ಟೆ. ಅರ್ಧ ಇಂಚು ಸೇರಿಸುವುದು ಮೂವತ್ತು ವರ್ಷದ ಅಭ್ಯಾಸ. ಕೈ ತಾನಾಗಿಯೇ ಹೋಯಿತು.

ಮುಂದಿನ ತಿಂಗಳ ಸೋಮವಾರ ಮನಸ್ಸಿಲ್ಲದ ಮನಸ್ಸಿನಿಂದ ಬಂದ ಟೀಚರ್ ಪರದೆಯೊಳಗಿಂದ ಕಿರುಚಿದರು. "ಸುನಂದಾ! ಒಂದೇ ಬೆರಳು! ಒಂದೇ ಬೆರಳು ಕಣೇ!"

ಮಾರನೆಯ ದಿನ ಒಂದು ಡಬ್ಬಿ ಒಬ್ಬಟ್ಟು ಬಂತು. ನನಗೆ ಎರಡು ಕೊಟ್ಟು, ಮಿಕ್ಕಿದ್ದನ್ನು ಮಾತಾಡುತ್ತಾ ಮಾತಾಡುತ್ತಾ ಅವರೇ ಮುಗಿಸಿದರು. "ಇಷ್ಟ್ ಇಳಿದಿದೀನಲ್ಲ, ಒಂದಿನ ತಿಂದ್ರೇನು?" ಎಂದರು. ನಾನು ಹೂಂ ಎಂದೆ.

ಆ ತಿಂಗಳು ಒಂದು ಬೆಳಿಗ್ಗೆ ಹಾಲು ತರಲು ಹೋದವಳು ಕಾಲೇಜು ಮೈದಾನದಲ್ಲಿ ಹಣಕಿ ನೋಡಿದೆ. ಟೀಚರ್ ಬೆಂಚಿನ ಮೇಲೆ ಕೂತು ನಾಲ್ಕು ಜನಕ್ಕೆ ತೂಕ ಇಳಿಸುವುದು ಹೇಗೆಂದು ಪಾಠ ಮಾಡುತ್ತಿದ್ದರು. ಬೂಟು ಹೊಚ್ಚ ಹೊಸದಾಗಿಯೇ ಇತ್ತು. ಬರುವ ತಿಂಗಳ ಸೋಮವಾರಕ್ಕೆ ಒಂದು ಬೆರಳು ಎರಡಾಗಿ ಬಿಡುತ್ತದೆಂದು ನನಗೆ ಗೊತ್ತಾಯಿತು. ಒಂದು ಸುಳ್ಳು ಹೊಲಿದವಳು ಅದರ ಅಂಚನ್ನೂ ಮಡಚಿ ಹೊಲಿಯಲೇಬೇಕು. ಬಾಣಂತಿ ಹೊಲಿಗೆಯನ್ನೂ ಬಿಚ್ಚಿದೆ. ಈಗ ರವಿಕೆ ಪೆನ್ಷನ್ ಹೊಲಿಗೆಯ ಮೇಲೆ ನಿಂತಿತ್ತು.

ಹುಕ್ಕು ಬಿತ್ತು. ಐದಕ್ಕೆ ಐದೂ ಬಿತ್ತು. ಟೀಚರ್ ರವಿಕೆಯ ಮೇಲೆ ಸೆರಗು ಹೊದ್ದು ಅಂಗಡಿಯ ಬಾಗಿಲಿಗೇ ಬಂದು ನಿಂತು, ಬೀದಿಯಲ್ಲಿ ಹೋಗುವ ಪರಿಚಯದವರಿಗೆಲ್ಲ, "ಏಯ್, ಬಾ ಇಲ್ಲಿ, ನೋಡು" ಎಂದು ಕರೆದು ತೋರಿಸಿದರು. ಮಾರನೆಯ ದಿನದಿಂದ ಮೈದಾನದ ಬೆಂಚಿಗೂ ಹೋಗಲಿಲ್ಲ. ಗುರಿ ಮುಟ್ಟಿತಲ್ಲ!

ಸೆಪ್ಟೆಂಬರಿನ ಕೊನೆಗೆ ಆರು ತಿಂಗಳು ತುಂಬಿತು. ಅವರು ಡಾಕ್ಟರ ಹತ್ತಿರ ಹೋಗಿ ಬಂದ ಮಾರನೆಯ ಬೆಳಿಗ್ಗೆ ನಾನು ಅಂಗಡಿಯ ಕಸ ಗುಡಿಸುತ್ತಿದ್ದೆ. ಟೀಚರ್ ಕುಂಟುತ್ತಾ, ಆದರೆ ವೇಗವಾಗಿ ಬಂದರು.

"ಎಲ್ಲೇ ನನ್ ಬ್ಲೌಸು? ಕೊಡಿಲ್ಲಿ. ಚಿಕ್ಕಬಳ್ಳಾಪುರದ ಬಸ್ ಹೊರಡತ್ತೆ."

"ಯಾಕೆ ಟೀಚರ್?"

"ಆ ಡಾಕ್ಟ್ರು ನಂಗೆ ಎರಡು ಕೆಜಿ ಜಾಸ್ತಿ ಆಗಿದೆ ಅಂತಾರೆ! ಅವ್ರ ಮಿಷನ್ ಕೆಟ್ಟಿದೆ. ನನ್ ಹತ್ರ ಸಾಕ್ಷಿ ಇದೆ ಅಂದೆ. ಏನ್ ಸಾಕ್ಷಿ ತಗೊಂಡ್ ಬನ್ನಿ ನೋಡಣ ಅಂದ್ರು. ಅವ್ರ ಟೇಬಲ್ ಮೇಲೆ ಈ ಬ್ಲೌಸ್ ಹಾಕ್ತೀನಿ. ಅವ್ರೆದುರಿಗೇ ಹಾಕ್ಕೊಂಡ್ ತೋರಿಸ್ತೀನಿ! ಆಮೇಲೆ ಹೆಂಗ್ ಡೇಟ್ ಕೊಡ್ತಾರೆ ನೋಡ್ತೀನಿ."

ಕಸಬರಿಗೆ ನನ್ನ ಕೈಯಲ್ಲೇ ಇತ್ತು. ಕಣ್ಣಮುಂದೆ ಆ ಆಸ್ಪತ್ರೆ ಬಂತು, ಸಾಲಾಗಿ ಕೂತ ರೋಗಿಗಳು ಬಂದರು, ಮೇಜಿನ ಮೇಲೆ ಹರವಿದ ಮರೂನ್ ರವಿಕೆ ಬಂತು. ಅದಕ್ಕಿಂತ ಹೆಚ್ಚಾಗಿ, ಟೀಚರ್ ಕುಂಟಿದ ರೀತಿ ಕಣ್ಣಿಗೆ ಕಟ್ಟಿತು. ಯುಗಾದಿಯಲ್ಲಿ ಒಂದು ಕಾಲು ಎಳೆಯುತ್ತಿದ್ದವರು ಈಗ ಎರಡನ್ನೂ ಎಳೆಯುತ್ತಿದ್ದರು. ಅದರಲ್ಲಿ ಅರ್ಧ ನನ್ನ ಕೆಲಸ.

"ಟೀಚರ್, ಡಾಕ್ಟ್ರ ಮಿಷನ್ ಸರಿಯಾಗೇ ಇದೆ" ಎಂದೆ. "ಬ್ಲೌಸ್ ಕೆಟ್ಟಿದೆ. ಕೆಡಿಸಿದ್ದು ನಾನು."

ಅವರಿಗೆ ಅರ್ಥವಾಗಲಿಲ್ಲ. ರವಿಕೆ ತಂದು ತಿರುವಿ ಕೈಗೆ ಕೊಟ್ಟೆ. ಟೀಚರ್ ಕನ್ನಡಕ ಏರಿಸಿ, ಬಾಗಿಲ ಬೆಳಕಿಗೆ ಹಿಡಿದರು. ಬಿಚ್ಚಿದ ಎರಡು ಸಾಲು ಹೊಲಿಗೆಯ ಸೂಜಿ ತೂತುಗಳು ಇರುವೆ ಸಾಲಿನ ಹಾಗೆ ಎದ್ದು ಕಾಣುತ್ತಿದ್ದವು. ಅವರು ಬೆರಳಿಟ್ಟು ಎಣಿಸಿದರು. ತುಟಿ ಅಲ್ಲಾಡುತ್ತಿತ್ತು.

"ಒಂದ್ ಸಾಲು ಅರ್ಧ ಇಂಚು. ಬಟ್ಟೆ ಎರಡು ಪದರ, ಒಂದಿಂಚು. ಎರಡು ಪಕ್ಕ, ಎರಡಿಂಚು. ಎರಡು ಸಾಲು, ನಾಲ್ಕಿಂಚು." ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನಾಲ್ಕಿಂಚು ಕಾಪಿ ಹೊಡೆದಿದೀಯ."

"ನೀವು ಅಳ್ತಿದ್ರಿ ಟೀಚರ್..."

"ಅಳೋರಿಗೆಲ್ಲ ಮಾರ್ಕ್ಸ್ ಹಾಕಿದ್ರೆ ನಮ್ ಸ್ಕೂಲು ಪ್ರತಿ ವರ್ಷ ನೂರಕ್ಕೆ ನೂರು ರಿಸಲ್ಟ್ ತರ್ತಿತ್ತು ಕಣೇ!"

ಬಾಯಿಗೆ ಬಂದಂತೆ ಬೈದರು. ಬಸ್ಸು ಹೋಯಿತು. ಬೈದು ಬೈದು ಸುಸ್ತಾಗಿ ಕುರ್ಚಿಯಲ್ಲಿ ಕೂತವರು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ನಿಂದು ಎಷ್ಟನೇ ಹೊಲಿಗೆ?" ಎಂದರು.

ಮೂವತ್ತು ವರ್ಷದಲ್ಲಿ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. "ಪೆನ್ಷನ್ನು ಟೀಚರ್" ಎಂದೆ.

"ಇನ್ನೂ ಕೆಲಸ ಮಾಡ್ತಿದೀಯ, ಆಗಲೇ ಪೆನ್ಷನ್ನಾ?" ಎಂದು ನಗಲು ಶುರುಮಾಡಿದವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಶಿಕ್ಷೆ ಹೇಳಿದರು. "ನನ್ ಕಣ್ಣೆದುರಿಗೆ ಬಿಚ್ಚಿದ ಎರಡೂ ಸಾಲು ಮತ್ತೆ ಹಾಕು. ನಿನ್ನದೊಂದು ಬ್ಲೌಸೂ ತಾ, ಅದಕ್ಕೂ ಹಾಕು. ಎರಡೂ ನನ್ ಬೀರುವಿನಲ್ಲಿ ಇರ್ತವೆ, ಬೀಗ ನನ್ ಹತ್ರ. ನಾಳೆ ಬೆಳಿಗ್ಗೆ ಐದೂಮುಕ್ಕಾಲಿಗೆ ನನ್ ಮನೆ ಮುಂದೆ ನಿಂತಿರಬೇಕು. ಡಾಕ್ಟ್ರ ಹತ್ರ ಇನ್ನಾರು ತಿಂಗಳು ಬೇಡ್ಕೋತೀನಿ."

ಡಾಕ್ಟರು ನಕ್ಕು ಒಪ್ಪಿದರಂತೆ. ಆದರೆ ಇದೇ ಕೊನೆ ಎಂದರಂತೆ. ಮಂಡಿ ನೋವು ಜಾಸ್ತಿಯಾಗದ ಹಾಗೆ ನಿಧಾನವಾಗಿ, ಆದರೆ ತಪ್ಪದೆ ನಡೆಯಿರಿ ಎಂದು ಹೇಳಿ ಕಳಿಸಿದರು.

ನಡೆದೆವು. ಮೊದಲ ವಾರ ಮೈದಾನಕ್ಕೆ ಎರಡು ಸುತ್ತು ಹಾಕುವಷ್ಟರಲ್ಲಿ ಇಬ್ಬರ ಉಸಿರೂ ಹಳೇ ಮಿಷನ್ನಿನ ಹಾಗೆ ಕಟಕಟ ಎನ್ನುತ್ತಿತ್ತು. ಬೆಂಚಿನ ಕಡೆ ನೋಡುವುದಕ್ಕೂ ಟೀಚರ್ ಬಿಡುತ್ತಿರಲಿಲ್ಲ. ಸುತ್ತು ಎಣಿಸಲು ಹುಣಸೆಬೀಜ ಇಟ್ಟಿದ್ದರು. ಒಂದು ಸುತ್ತಾದರೆ ಬಲಗೈಯಿಂದ ಎಡಗೈಗೆ ಒಂದು ಬೀಜ. ಒಂದು ದಿನ ಮಂಜು ಕವಿದಿತ್ತು. ನಾನು ಒಂದೇ ಸುತ್ತಿಗೆ ಎರಡು ಬೀಜ ದಾಟಿಸಿದೆ. ಹತ್ತು ಹೆಜ್ಜೆ ಮುಂದಿದ್ದವರು ತಿರುಗಿಯೂ ನೋಡದೆ, "ಒಂದ್ ಬೀಜ ವಾಪಸ್ ಹಾಕು" ಎಂದರು. ಹೇಗೆ ಗೊತ್ತಾಯಿತು ಎಂದರೆ, ಕಾಪಿ ಹೊಡೆಯುವವರ ಚಪ್ಪಲಿ ಸದ್ದೇ ಬೇರೆ ಇರುತ್ತದಂತೆ.

ಮಿಷನ್ನಿನ ಮೋಟಾರು ತೆಗೆಸಿ ಮತ್ತೆ ಕಾಲಲ್ಲಿ ತುಳಿಯಲು ಶುರುಮಾಡಿದೆ. ಗಿರಾಕಿಗಳು, ಸುನಂದಮ್ಮನಿಗೆ ಏನೋ ಆಗಿದೆ, ಕರೆಂಟಿದ್ದರೂ ತುಳಿಯುತ್ತಾಳೆ ಎಂದು ಮಾತಾಡಿಕೊಂಡರು. ಟೀಚರ್ ಒಬ್ಬಟ್ಟು ಪೂರ್ತಿ ಬಿಡಲಿಲ್ಲ. ಅರ್ಧ ಒಬ್ಬಟ್ಟಿಗೆ ಎರಡು ಬೀಜ ಹೆಚ್ಚು ಎಂದು ಲೆಕ್ಕ ಕಟ್ಟಿದರು. ಆ ಲೆಕ್ಕವನ್ನು ಯಾವ ಡಾಕ್ಟರೂ ಒಪ್ಪಲಾರರು, ಆದರೆ ಅವರು ಒಂದು ದಿನವೂ ಬಾಕಿ ಉಳಿಸಿಕೊಳ್ಳಲಿಲ್ಲ.

ಆರು ತಿಂಗಳಾದ ಮೇಲೆ ನಾನೇ ಜೊತೆಗೆ ಹೋಗಿದ್ದೆ. ಟೀಚರ್ ತೂಕದ ಮಿಷನ್ನಿನ ಮೇಲೆ ಕಣ್ಣು ಮುಚ್ಚಿಕೊಂಡು ನಿಂತು, "ಓದಬೇಡಿ, ಬರ್ಕೊಳ್ಳಿ" ಎಂದರು. ಬಾಷಾ ಮಾಸ್ಟರ್ ಮಾತನ್ನು ನಾನೇ ಅವರಿಗೆ ಹೇಳಿದ್ದೆ. ಡಾಕ್ಟರು ಬರೆದುಕೊಂಡರು. ಮಂಡಿ ಮಡಚಿ ಬಿಡಿಸಿ ನೋಡಿದರು. "ಸದ್ಯಕ್ಕೆ ಆಪರೇಷನ್ ಮಾತು ಬೇಡ ಮೇಡಂ. ಹೀಗೇ ನಡೀತಿರಿ" ಎಂದರು. ಹೊರಗೆ ಬಂದ ಮೇಲೆ ಟೀಚರ್ ಆಸ್ಪತ್ರೆಯ ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿದರು. ಇಳಿದು, ಮತ್ತೆ ಹತ್ತಿ, ಮತ್ತೊಮ್ಮೆ ಇಳಿದು ತೋರಿಸಿದರು.

ಮುಂದಿನ ಸೋಮವಾರ ತಮ್ಮ ಮನೆಗೆ ಕರೆದು ಬೀರುವಿನ ಬೀಗ ತೆಗೆದರು. ಮದುವೆ ಹೊಲಿಗೆಯಲ್ಲಿ ಹಾಕಿ ನೋಡಿದರೆ ಇನ್ನೂ ಒಂದೂವರೆ ಬೆರಳು ಬಾಕಿ. ಅವರ ಎದುರಿಗೇ, ಅವರಿಗೆ ಹೇಳಿ, ಒಂದು ಸಾಲು ಬಿಚ್ಚಿದೆ. ಬಾಣಂತಿ ಹೊಲಿಗೆಯಲ್ಲಿ ಐದೂ ಹುಕ್ಕು ಬಿತ್ತು. ಈ ಸಲ ಬಾಗಿಲಿಗೆ ಹೋಗಿ ಯಾರನ್ನೂ ಕರೆಯಲಿಲ್ಲ. ಕನ್ನಡಿಯ ಮುಂದೆ ನಿಂತು ಐದೂ ಹುಕ್ಕನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ನನ್ನದೂ ಬಾಣಂತಿ ಹೊಲಿಗೆಗೇ ಬಂದು ನಿಂತಿತ್ತು. ಅದನ್ನು ಅವರು ತಮ್ಮ ನೋಟ್‌ಬುಕ್ಕಿನಲ್ಲಿ 'ಮೇಲಿನಂತೆ' ಎಂದು ಬರೆದುಕೊಂಡರು.

ಆಮೇಲೆ ರವಿಕೆ ಬಿಚ್ಚಿ, ತಿರುವಿ ನನ್ನ ಮುಂದಿಟ್ಟರು. "ಆ ಪೆನ್ಷನ್ ಹೊಲಿಗೆ ಕತ್ತರಿಸಿ ಬಿಸಾಕು ಸುನಂದಾ. ಬಟ್ಟೆ ಇದ್ರೆ ತಾನೆ ಮೈ ಆ ಕಡೆ ಹೋಗೋದು? ಜಾಗಾನೇ ಇಲ್ದಂಗೆ ಮಾಡಿಬಿಡು."

ಒಳಗಿನ ಬಟ್ಟೆಯನ್ನು ನಾನು ಒಂದು ದಿನವೂ ಕತ್ತರಿಸಿದವಳಲ್ಲ. ಆದರೆ ಈ ಹೆಂಗಸನ್ನು ಕೇಳದೆ ಕೈ ಹಾಕಿ ಒಮ್ಮೆ ಅನುಭವಿಸಿದ್ದೆ. ಜೊತೆಗೆ ತಂದಿದ್ದ ದೊಡ್ಡ ಕತ್ತರಿ ತೆಗೆದುಕೊಂಡೆ. ಮನಸ್ಸಿನಲ್ಲೇ ಮಾಸ್ಟರ್‌ಗೆ ತಪ್ಪಾಯ್ತು ಎಂದೆ. ಟೀಚರ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರ ಹಾಗೆ ಮುಖ ಆ ಕಡೆ ತಿರುಗಿಸಿಕೊಂಡರು. ಕತ್ತರಿಯ ಬಾಯಿ ತೆರೆದು ಬಟ್ಟೆಗೆ ಇಟ್ಟೆ.

"ಏಯ್, ಇರೇ, ಇರು!"

"ಏನ್ ಟೀಚರ್?"

"ಈ ವಾರ ಯುಗಾದಿ ಅಲ್ವೇನೇ?"

ಕತ್ತರಿ ಮುಚ್ಚಿದೆ. ರವಿಕೆ ಮತ್ತೆ ಬೀರುವಿಗೆ ಹೋಯಿತು. ಆ ಬಟ್ಟೆ ಇವತ್ತಿಗೂ ಒಳಗೇ ಇದೆ. ಅದಕ್ಕೇ ಹೊಸದಾಗಿ ಅಂಗಡಿ ಇಡುವ ಹುಡುಗಿಯರಿಗೆ ಹೇಳುತ್ತೇನೆ: ಮೂರು ಸಾಲು ಹಾಕಿ, ಬಟ್ಟೆ ಧಾರಾಳವಾಗಿ ಬಿಡಿ, ಬಿಚ್ಚಬೇಕಾದಾಗ ಬಿಚ್ಚಿ. ಆದರೆ ಹೇಳಿ ಬಿಚ್ಚಿ. ಇಲ್ಲದಿದ್ದರೆ ಅಂಗಡಿ ಮುಚ್ಚಿದ ಮೇಲೂ ನಿಮಗೆ ರಜ ಸಿಗುವುದಿಲ್ಲ. ಬೆಳಿಗ್ಗೆ ಐದೂಮುಕ್ಕಾಲಿಗೆ ಹುಣಸೆಬೀಜ ಹಿಡಿದುಕೊಂಡು ಯಾರದೋ ಮನೆ ಮುಂದೆ ನಿಂತಿರಬೇಕಾಗುತ್ತದೆ.